ಅಣುವಿನಲ್ಲೇ ಬರೆದಿರುವ ಉದ್ದೇಶ

ಕರ್ನಾಟಕದ ರಸಾಯನಶಾಸ್ತ್ರ ಮತ್ತು ಫಾರ್ಮಸಿ ವಿದ್ಯಾರ್ಥಿಗಳಿಗೆ, ಯುವ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ, ಯುವ ಸಂಶೋಧಕರೇ,

ಎಂ.ಎಸ್‌ಸಿ.ಯೋ ಎಂ.ಫಾರ್ಮೋ ಮುಗಿಸಿದ ಮೇಲೆ ನಿಮ್ಮಲ್ಲಿ ಬಹಳಷ್ಟು ಮಂದಿ ಬೆಂಗಳೂರು, ಮೈಸೂರು, ಹೈದರಾಬಾದಿನ ಲ್ಯಾಬುಗಳಲ್ಲಿ ಕೆಲಸಕ್ಕೆ ಸೇರುತ್ತೀರಿ. ಕೆಲವರು ಪಿಎಚ್.ಡಿ.ಗೆಂದು ಅಮೆರಿಕಕ್ಕೋ ಜರ್ಮನಿಗೋ ಹೋಗುತ್ತೀರಿ. ಹಲವರ ಪಾಲಿಗೆ ಬರುವ ಕೆಲಸ ಒಂದೇ ಬಗೆಯದು: ಲೋಕದಲ್ಲಿ ಇದುವರೆಗೆ ಇಲ್ಲದ ಒಂದು ಅಣುವನ್ನು ಕಟ್ಟಿ, ಶುದ್ಧ ಮಾಡಿ, ಪುಟ್ಟ ಗಾಜಿನ ವಯಲ್‌ನಲ್ಲಿ ತುಂಬಿ ಕೊಡುವುದು. ಅಂಥ ಹೊಸ ಅಣುಗಳ ಒಂದು ಗುಂಪಿನ ಬಗ್ಗೆ ನಿಮ್ಮೊಂದಿಗೆ ಮಾತಾಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಅವು ಸಂಶ್ಲೇಷಿತ ಸೈಕೆಡೆಲಿಕ್‌ಗಳು. ಎಲ್‌ಎಸ್‌ಡಿಯ ಬಂಧುಗಳು, ಅಣಬೆಯ ಸಿಲೋಸೈಬಿನ್‌ನ ಬಂಧುಗಳು, ಮಿದುಳಿನ ಸೆರೊಟೋನಿನ್ ರಿಸೆಪ್ಟರ್‌ಗೆ ಅಂಟಿಕೊಂಡು ಕಾಣುವ, ಕೇಳುವ, ಅನ್ನಿಸುವ ರೀತಿಯನ್ನೇ ಕೆಲವು ಗಂಟೆ ಬದಲಿಸುವ ಪದಾರ್ಥಗಳು.

ದಶಕಗಳ ಕಾಲ ದೊಡ್ಡ ಔಷಧ ಕಂಪನಿಗಳು ಹತ್ತಿರ ಸುಳಿಯದಿದ್ದ ಈ ವಿಷಯಕ್ಕೆ ಈಗ ಸಾವಿರಾರು ಕೋಟಿ ರೂಪಾಯಿ ಹರಿದು ಬರುತ್ತಿದೆ. ಅದೇ ಹೊತ್ತಿಗೆ ಬೀದಿಯ ಮಾರುಕಟ್ಟೆಯಲ್ಲೂ ಹೊಸ ಹೊಸ ಹೆಸರುಗಳು ಹುಟ್ಟುತ್ತಿವೆ. ಯುರೋಪಿನ ಮಾದಕ ವಸ್ತು ನಿಗಾ ಸಂಸ್ಥೆ 2023ರ ಕೊನೆಯ ಹೊತ್ತಿಗೆ ಎಲ್ಲ ಬಗೆಯ ಹೊಸ ಅಮಲು ಪದಾರ್ಥಗಳನ್ನು ಸೇರಿಸಿ 950ಕ್ಕೂ ಹೆಚ್ಚಿನವುಗಳ ಮೇಲೆ ಕಣ್ಣಿಟ್ಟಿತ್ತು. ಅವುಗಳಲ್ಲಿ ಸೈಕೆಡೆಲಿಕ್‌ಗಳದ್ದೇ ಒಂದು ದೊಡ್ಡ ಕುಟುಂಬ. ಆಸ್ಪತ್ರೆಗೆಂದು ತಯಾರಾಗುವವು, ಬೀದಿಗೆಂದು ತಯಾರಾಗುವವು ಎರಡೂ ಒಂದೇ ವಿದ್ಯೆಯಿಂದ ಹುಟ್ಟುತ್ತವೆ. ಆ ವಿದ್ಯೆ ನಿಮ್ಮದು.

ಅಣುವಿಗೆ ಒಳಿತು ಕೆಡುಕು ಗೊತ್ತಿಲ್ಲ, ಎಲ್ಲವೂ ಬಳಸುವವರ ಕೈಯಲ್ಲಿದೆ ಎಂಬ ಮಾತನ್ನು ನೀವು ತರಗತಿಯಲ್ಲಿ ಕೇಳಿರುತ್ತೀರಿ. ನಾನು ಅದನ್ನು ಒಪ್ಪುವುದಿಲ್ಲ. ಪ್ರಕೃತಿ ಕಟ್ಟಿದ ಅಣುವಿನ ವಿಷಯದಲ್ಲಿ ಆ ಮಾತು ಸರಿ ಇರಬಹುದು. ಮನುಷ್ಯ ಕಟ್ಟಿದ ಅಣುವಿಗೆ ಒಂದು ಕಾರಣ ಇರುತ್ತದೆ. ಯಾವ ಕಾರ್ಬನ್ನಿನ ಮೇಲೆ ಯಾವ ಗುಂಪು ಕೂತಿದೆ, ಜಲಜನಕದ ಜಾಗಕ್ಕೆ ಏನು ಬಂದಿದೆ ಎಂದು ನೋಡಿದರೆ, ಅದನ್ನು ಮಾಡಿಸಿದವರಿಗೆ ಏನು ಬೇಕಿತ್ತು ಎಂಬುದನ್ನು ಎಷ್ಟೋ ಸಲ ರಚನೆಯಿಂದಲೇ ಓದಬಹುದು. ಆ ಓದನ್ನು ನೀವು ಕಲಿಯಬೇಕು ಎಂಬುದಷ್ಟೇ ನನ್ನ ಹಂಬಲ.

ಮೊದಲ ಕಥೆ ನಿಮಗೆ ಗೊತ್ತಿರುವುದೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ ರೈ ಧಾನ್ಯಕ್ಕೆ ತಗಲುವ ಅರ್ಗಟ್ ಶಿಲೀಂಧ್ರದ ಮೇಲೆ ಕೆಲಸ ಮಾಡುತ್ತಿದ್ದರು. ಅರ್ಗಟ್ ಗರ್ಭಕೋಶವನ್ನು ಕುಗ್ಗಿಸುತ್ತದೆ, ಹೆರಿಗೆಯಾದ ಮೇಲಿನ ರಕ್ತಸ್ರಾವವನ್ನು ನಿಲ್ಲಿಸುತ್ತದೆ. ಆ ಸಾಲಿನ ಕೆಲಸದಿಂದ ಬಂದ ಮೀಥೈಲ್ ಅರ್ಗೊಮೆಟ್ರಿನ್ ಇಂದಿಗೂ ನಮ್ಮ ಹೆರಿಗೆ ವಾರ್ಡುಗಳಲ್ಲಿ ಮೆಥರ್ಜಿನ್ ಎಂಬ ಹೆಸರಿನಲ್ಲಿ ತಾಯಂದಿರ ಜೀವ ಉಳಿಸುತ್ತಿದೆ. ಉಸಿರಾಟಕ್ಕೂ ರಕ್ತಸಂಚಾರಕ್ಕೂ ಚೇತರಿಕೆ ಕೊಡುವ ಮದ್ದು ಹುಡುಕುತ್ತಾ ಹಾಫ್‌ಮನ್ 1938ರಲ್ಲಿ ಅರ್ಗಟ್‌ನ ಲೈಸರ್ಜಿಕ್ ಆಮ್ಲದ 25ನೆಯ ಉತ್ಪನ್ನವನ್ನು, ಅಂದರೆ ಎಲ್‌ಎಸ್‌ಡಿಯನ್ನು, ಮಾಡಿದರು. ಪ್ರಾಣಿಗಳ ಮೇಲೆ ಗಮನಾರ್ಹವಾದದ್ದೇನೂ ಕಾಣದೆ ಅದು ಬದಿಗೆ ಸರಿಯಿತು. 1943ರ ಏಪ್ರಿಲ್‌ನಲ್ಲಿ ಮತ್ತೆ ಮಾಡುವಾಗ ಅವರ ದೇಹಕ್ಕೆ ಅದು ಹೇಗೋ ಸೇರಿತು. ಮೂರು ದಿನ ಬಿಟ್ಟು, 19ನೆಯ ತಾರೀಖು, ಅವರು ಬೇಕೆಂದೇ ಕಾಲು ಮಿಲಿಗ್ರಾಂ ಸೇವಿಸಿದರು. ಕಾಲು ಮಿಲಿಗ್ರಾಂ ಎಂದರೆ ಏನೂ ಆಗದಷ್ಟು ಕಡಿಮೆ ಎಂದು ಅವರು ಎಣಿಸಿದ್ದರು. ಅದು ಹೆಚ್ಚೇ ಆಗಿತ್ತು.

ಇಲ್ಲಿ ಮೊದಲ ಉದ್ದೇಶ, ಮದ್ದು ಹುಡುಕುವುದು, ಶುದ್ಧವಾಗಿತ್ತು. ಮಾಡಿದವರು ಮೊದಲು ತಾವೇ ತಿಂದರು, ಅಪಾಯವನ್ನು ಬೇರೆಯವರ ಮೇಲೆ ಹೇರಲಿಲ್ಲ. ಆದರೆ ಅದೇ ಅಣು ಹತ್ತೇ ವರ್ಷದಲ್ಲಿ ಬೇರೆಯವರ ಕೈಗೆ ಹೋಯಿತು. 1953ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಎಂಕೆ ಅಲ್ಟ್ರಾ ಎಂಬ ಯೋಜನೆಯನ್ನು ಶುರುಮಾಡಿತು. ಅದರ ಮುಂದಾಳು ಸಿಡ್ನಿ ಗಾಟ್ಲೀಬ್, ನಿಮ್ಮ ಹಾಗೆಯೇ ರಸಾಯನಶಾಸ್ತ್ರ ಓದಿದವರು. ಮನುಷ್ಯನ ಮನಸ್ಸನ್ನು ಒಡೆದು ಬಾಯಿ ಬಿಡಿಸುವ ಮದ್ದು ಅವರಿಗೆ ಬೇಕಿತ್ತು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ ವ್ಯಸನ ಸಂಶೋಧನಾ ಕೇಂದ್ರದ ಕೈದಿಗಳಿಗೆ, ಅವರಲ್ಲೂ ಬಹುಪಾಲು ಕಪ್ಪು ಜನಾಂಗದವರಿಗೆ, ಎಲ್‌ಎಸ್‌ಡಿ ಕೊಟ್ಟರು. ಕೆಲವರಿಗೆ ಸತತ 77 ದಿನ. ಸೇನೆಯ ವಿಜ್ಞಾನಿ ಫ್ರಾಂಕ್ ಓಲ್ಸನ್‌ಗೆ ತಿಳಿಸದೆಯೇ ಪಾನೀಯದಲ್ಲಿ ಬೆರೆಸಿ ಕುಡಿಸಿದರು. ಆತ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಹೋಟೆಲಿನ ಕಿಟಕಿಯಿಂದ ಬಿದ್ದು ಸತ್ತ. 1973ರಲ್ಲಿ ಯೋಜನೆಯ ಕಡತಗಳನ್ನು ನಾಶಪಡಿಸಲು ಸಿಐಎ ಮುಖ್ಯಸ್ಥರೇ ಆದೇಶ ಕೊಟ್ಟರು.

ಅಣು ಒಂದೇ, ಉದ್ದೇಶ ಬೇರೆ. ಹಾಗಿದ್ದ ಮೇಲೆ ಬಳಸುವವರ ಕೈಯಲ್ಲಿದೆ ಎಂಬ ಮಾತೇ ಗೆದ್ದಂತಾಯಿತಲ್ಲ ಎಂದು ನೀವು ಕೇಳಬಹುದು. ಎಲ್‌ಎಸ್‌ಡಿಯ ಮಟ್ಟಿಗೆ ಹೌದು. ಅದು ಆಕಸ್ಮಿಕವಾಗಿ ಸಿಕ್ಕಿದ್ದು. ಮುಂದೆ ಬಂದ ಅಣುಗಳು ಆಕಸ್ಮಿಕವಲ್ಲ.

ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಶುಲ್ಗಿನ್ ಡೌ ಕೆಮಿಕಲ್ ಕಂಪನಿಯಲ್ಲಿದ್ದವರು. ಕಂಪನಿಗೆ ಲಾಭ ತಂದ ಒಂದು ಕೀಟನಾಶಕವನ್ನು ರೂಪಿಸಿದ್ದಕ್ಕೆ ಮೆಚ್ಚುಗೆಯಾಗಿ, ಇಷ್ಟಬಂದ ಕೆಲಸ ಮಾಡುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು. ಅವರು ಆರಿಸಿಕೊಂಡದ್ದು ಮೆಸ್ಕಲಿನ್ ಎಂಬ ಸೈಕೆಡೆಲಿಕ್ ಮಾದರಿಯ ಅಣುಗಳನ್ನು. ಒಂದೊಂದು ಗುಂಪನ್ನು ಒಂದೊಂದು ಜಾಗಕ್ಕೆ ಸರಿಸಿ, ಹೊಸದನ್ನು ಮಾಡಿ, ತಾವೇ ತಿಂದು ನೋಡಿ, ಆಮೇಲೆ ಗೆಳೆಯರ ಪುಟ್ಟ ಬಳಗಕ್ಕೆ ಕೊಟ್ಟು ಬರೆದಿಟ್ಟರು. 1991ರಲ್ಲಿ ಹೆಂಡತಿ ಆ್ಯನ್ ಜೊತೆ ಸೇರಿ ಪ್ರಕಟಿಸಿದ ಪುಸ್ತಕದಲ್ಲಿ 179 ಅಣುಗಳ ತಯಾರಿಕೆಯ ವಿಧಾನ, ಪ್ರಮಾಣ, ಪರಿಣಾಮ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಕೊಟ್ಟರು. ಜ್ಞಾನ ಎಲ್ಲರದಾಗಬೇಕು ಎಂಬುದು ಅವರ ನಂಬಿಕೆ. ಅವರ ರಚನೆಗಳಲ್ಲಿ ಕಾಣುವ ಎರಡನೆಯ ಉದ್ದೇಶ ಕುತೂಹಲ. ಇದನ್ನು ಇಲ್ಲಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಪುಟಪುಟದಲ್ಲೂ ಇದೆ. ನಿಮ್ಮಲ್ಲಿ ಹಲವರನ್ನು ಈ ವಿಷಯಕ್ಕೆ ಎಳೆದು ತಂದದ್ದೂ ಆ ಪ್ರಶ್ನೆಯೇ, ನನ್ನನ್ನೂ ಸಹ. ಕುತೂಹಲವನ್ನು ನಾನು ಹೀಗಳೆಯಲಾರೆ.

ಆದರೆ ಕುತೂಹಲದ ಬೆಲೆಯನ್ನು ಯಾರು ತೆತ್ತರು ನೋಡಿ. 1960ರ ದಶಕದ ಮೊದಲ ಭಾಗದಲ್ಲಿ ಶುಲ್ಗಿನ್ ಮಾಡಿದ ಡಿಓಎಂ ಎಂಬ ಅಣು 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಗೆ ಎಸ್‌ಟಿಪಿ ಎಂಬ ಹೆಸರಿನಲ್ಲಿ ಇಳಿಯಿತು. ಮಾತ್ರೆಯಲ್ಲಿ ಬೇಕಾದುದಕ್ಕಿಂತ ಹಲವು ಪಟ್ಟು ಮದ್ದಿತ್ತು. ಅದು ಏರುವುದು ನಿಧಾನ, ಇಳಿಯುವುದು ಇನ್ನೂ ನಿಧಾನ. ನುಂಗಿದವರು ಒಂದು ಗಂಟೆ ಕಾದು ಏನೂ ಆಗಲಿಲ್ಲವೆಂದು ಇನ್ನೊಂದು ನುಂಗಿದರು. ಆಮೇಲೆ ಒಂದಿಡೀ ದಿನ ಇಳಿಯದ ಭಯದಲ್ಲಿ ಆಸ್ಪತ್ರೆಗಳ ತುರ್ತು ಘಟಕ ಸೇರಿದರು. ಶುಲ್ಗಿನ್ ತಾವು ತಿನ್ನುವಾಗ ಅಲ್ಪ ಪ್ರಮಾಣದಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಿದ್ದರು. ಆ ಎಚ್ಚರಿಕೆ ಅಣುವಿನ ಜೊತೆ ಬೀದಿಗೆ ಹೋಗಲಿಲ್ಲ.

ಮೂರನೆಯ ಉದ್ದೇಶ ತಿಳಿವಳಿಕೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಡೇವಿಡ್ ನಿಕೋಲ್ಸ್ ದಶಕಗಳ ಕಾಲ ಸೆರೊಟೋನಿನ್ ರಿಸೆಪ್ಟರ್‌ಗಳ ಗುಟ್ಟು ಬಿಡಿಸಲು ಇಂಥ ಅಣುಗಳನ್ನು ಮಾಡಿದರು. ಎಂಟಿಎ ಎಂಬ ಒಂದು ಅಣುವನ್ನು ಇಲಿಗಳ ಮೇಲೆ ನೋಡಿ ವರದಿ ಪ್ರಕಟಿಸಿದರು. ಅವರಿಗೆ ಗೊತ್ತಿಲ್ಲದಂತೆ ಯಾರೋ ಆ ವರದಿ ಓದಿ, ಅದನ್ನು ಮಾಡಿ, ಯುರೋಪಿನಲ್ಲಿ ಮಾತ್ರೆಯಾಗಿ ಮಾರಿದರು. ಜನ ಸತ್ತರು. 2011ರ ಜನವರಿಯಲ್ಲಿ ನಿಕೋಲ್ಸ್ ನೇಚರ್ ಪತ್ರಿಕೆಯಲ್ಲಿ ಈ ಸಂಕಟವನ್ನು ಬಹಿರಂಗವಾಗಿ ತೋಡಿಕೊಂಡರು. ಔಷಧ ರಸಾಯನಶಾಸ್ತ್ರ ಓದುವ ಪ್ರತಿಯೊಬ್ಬರೂ ಅದನ್ನು ಒಮ್ಮೆ ಓದಬೇಕು. ಅವರ ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಪ್ರಕಟಣೆ ಎಂಬುದು ಸಹೋದ್ಯೋಗಿಗಳ ನಡುವಿನ ಮಾತುಕತೆ ಮಾತ್ರವಾಗಿ ಉಳಿದಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಎನ್‌ಬಿಓಎಂಇ ಸರಣಿ. ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯಲ್ಲಿ ರಾಲ್ಫ್ ಹೈಮ್ ತಮ್ಮ ಪಿಎಚ್.ಡಿ. ಪ್ರಬಂಧಕ್ಕಾಗಿ ಈ ಅಣುಗಳನ್ನು ರೂಪಿಸಿದರು. ಪ್ರಬಂಧ ಬಂದದ್ದು 2003ರಲ್ಲಿ. ಶುಲ್ಗಿನ್ನರ ಹಳೆಯ ಅಣುಗಳ ನೈಟ್ರೋಜನ್ ಮೇಲೆ ಒಂದು ಮೆಥಾಕ್ಸಿಬೆಂಜೈಲ್ ಗುಂಪನ್ನು ಕೂರಿಸಿದಾಗ ಅವು 5-ಎಚ್‌ಟಿ2ಎ ಎಂಬ ಸೆರೊಟೋನಿನ್ ರಿಸೆಪ್ಟರ್‌ಗೆ ಅಸಾಧಾರಣವಾಗಿ ಬಿಗಿಯಾಗಿ ಅಂಟಿದವು. ರಿಸೆಪ್ಟರನ್ನು ಗುರುತು ಹಚ್ಚುವ ಉಪಕರಣಕ್ಕೆ ಬೇಕಾದ ಗುಣವೇ ಅದು. ಕೋಪನ್‌ಹೇಗನ್ನಿನ ಸಂಶೋಧಕರು ಈ ಸರಣಿಯ ಒಂದು ಅಣುವಿಗೆ ವಿಕಿರಣ ಸೂಸುವ ಕಾರ್ಬನ್-11 ಸೇರಿಸಿ, ಸಿಂಬಿ-36 ಎಂದು ಕರೆದು, ಬದುಕಿರುವ ಮನುಷ್ಯರ ಮಿದುಳಿನಲ್ಲಿ ಆ ರಿಸೆಪ್ಟರ್‌ಗಳು ಎಲ್ಲೆಲ್ಲಿವೆ ಎಂಬುದನ್ನು ಪೆಟ್ ಸ್ಕ್ಯಾನ್‌ನಲ್ಲಿ ಕಂಡರು. ಅಷ್ಟು ಸೂಕ್ಷ್ಮ ಪ್ರಮಾಣದಲ್ಲಿ ಅದು ಯಾರಿಗೂ ಏನೂ ಮಾಡಲಿಲ್ಲ. ಸುಮಾರು 2010ರಿಂದ ಅದೇ ಸರಣಿಯ ಅಣುಗಳು ಬ್ಲಾಟಿಂಗ್ ಪೇಪರಿಗೆ ಏರಿ ಎಲ್‌ಎಸ್‌ಡಿ ಸ್ಟ್ರಿಪ್ ಎಂದು ಮಾರಾಟವಾಗತೊಡಗಿದವು. ಕಾಗದದ ಒಂದು ಚೂರಿಗೆ ಇಳಿಸಬಹುದಾದಷ್ಟು ಕಡಿಮೆ ಪ್ರಮಾಣದಲ್ಲಿ ಅಮಲೇರಿಸುವ ಶಕ್ತಿ ಇದ್ದದ್ದರಿಂದ ಅದು ಸಾಧ್ಯವಾಯಿತು. ಉಪಕರಣಕ್ಕೆ ಬೇಕಾಗಿದ್ದ ಗುಣವೇ ವ್ಯಾಪಾರಿಗೂ ಬೇಕಾದ ಗುಣವಾಯಿತು. ಎಲ್‌ಎಸ್‌ಡಿ ಎಂದು ನಂಬಿ ಎರಡು ಚೂರು ನಾಲಿಗೆ ಮೇಲಿಟ್ಟುಕೊಂಡ ಹುಡುಗ ಹುಡುಗಿಯರು ಸೆಳವು, ಏರಿದ ಮೈಬಿಸಿ, ಕುಗ್ಗಿದ ರಕ್ತನಾಳಗಳಿಂದ ಸತ್ತರು. 2015ರಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಈ ಸರಣಿಯ ಮೂರು ಅಣುಗಳನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು.

ನಾಲ್ಕನೆಯ ಉದ್ದೇಶ ಕಾನೂನಿನ ಕಣ್ಣು ತಪ್ಪಿಸುವುದು. ಇದು ರಚನೆಯಲ್ಲಿ ಎದ್ದು ಕಾಣುತ್ತದೆ. 2015ರ ಸುಮಾರಿಗೆ ಮಾರುಕಟ್ಟೆಗೆ ಬಂದ 1ಪಿ-ಎಲ್‌ಎಸ್‌ಡಿಯ ಚಿತ್ರ ಬರೆದು ನೋಡಿ. ಎಲ್‌ಎಸ್‌ಡಿಯ ಇಂಡೋಲ್ ನೈಟ್ರೋಜನ್ ಮೇಲೆ ಒಂದು ಪ್ರೊಪಿಯೊನೈಲ್ ಗುಂಪು, ಬೇರೇನೂ ಇಲ್ಲ. ಆ ಗುಂಪು ರೋಗಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ವಿಜ್ಞಾನಕ್ಕೆ ಯಾವ ಹೊಸ ಪ್ರಶ್ನೆಯನ್ನೂ ಕೇಳುವುದಿಲ್ಲ. ದೇಹದೊಳಗೆ ಹೋದ ಮೇಲೆ ಕಿಣ್ವಗಳು ಅದನ್ನು ಕತ್ತರಿಸಿ ಹಾಕುತ್ತವೆ, ಉಳಿಯುವುದು ಎಲ್‌ಎಸ್‌ಡಿಯೇ. ಸುಂಕದ ಕಟ್ಟೆ ದಾಟುವ ತನಕ ಬೇರೆ ಅಂಗಿ ತೊಟ್ಟು, ದಾಟಿದ ಮೇಲೆ ಬಿಚ್ಚಿ ಎಸೆದ ಹಾಗೆ. ಜರ್ಮನಿ 2019ರಲ್ಲಿ ತನ್ನ ಕಾನೂನು ತಿದ್ದಿ ಅದನ್ನು ಹಿಡಿದಾಗ 1ಸಿಪಿ-ಎಲ್‌ಎಸ್‌ಡಿ ಬಂತು. ಅದನ್ನೂ ಹಿಡಿದಾಗ 1ವಿ-ಎಲ್‌ಎಸ್‌ಡಿ ಬಂತು. ನೈಟ್ರೋಜನ್ ಮೇಲಿನ ಗುಂಪೊಂದೇ ಬದಲಾಗುತ್ತಾ ಹೋಯಿತು. ಜಪಾನಿನಲ್ಲಿ 1ಡಿ-ಎಲ್‌ಎಸ್‌ಡಿ ಎಂದು ಹೆಸರು ಬರೆದ ಕಾಗದವನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಒಳಗೆ ಸಿಕ್ಕಿದ್ದು ಬೇರೆಯೇ ಅಣು. ಇಂಥವುಗಳ ಪೊಟ್ಟಣದ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರ ಸೇವನೆಗಲ್ಲ ಎಂದು ಅಚ್ಚಾಗಿರುತ್ತದೆ. ಮಾರುವವರಿಗೂ ಕೊಳ್ಳುವವರಿಗೂ ಅದು ಸುಳ್ಳೆಂದು ಗೊತ್ತು. ಆದರೆ ಆ ಅಣುಗಳನ್ನು ಕಟ್ಟಿದವರು ನುರಿತ ರಸಾಯನಶಾಸ್ತ್ರಜ್ಞರು. ನಿಮ್ಮಷ್ಟೇ ಕಷ್ಟಪಟ್ಟು ಕಲಿತವರು, ಎಲ್ಲೋ ಒಂದು ಲ್ಯಾಬಿನಲ್ಲಿ ಸಂಬಳಕ್ಕೆ ದುಡಿದವರು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ.

ಇನ್ನು ಐದನೆಯದು, ಇವತ್ತಿನ ದಿನಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು, ಲಾಭ. ಲಾಭವೆಂದ ಕೂಡಲೇ ಮೂಗು ಮುರಿಯುವವನು ನಾನಲ್ಲ. ಲಾಭದ ಆಸೆಯಿಲ್ಲದೆ ಈಗಿನ ಔಷಧಗಳಲ್ಲಿ ಹೆಚ್ಚಿನವು ಅಂಗಡಿಗೆ ಬರುತ್ತಿರಲಿಲ್ಲ. ಆದರೂ ಅದರ ಗುರುತನ್ನು ಅಣುವಿನ ಮೇಲೆ ಓದಲು ಕಲಿಯಿರಿ.

ಸಿಲೋಸೈಬಿನ್ ಎಲ್ಲರಿಗೂ ಗೊತ್ತಿರುವ ಅಣು. ಮೆಕ್ಸಿಕೋದ ಓಅಹಾಕಾ ಬೆಟ್ಟಗಳಲ್ಲಿ ಮಸಾತೆಕ್ ಬುಡಕಟ್ಟಿನ ವೈದ್ಯೆ ಮರಿಯಾ ಸಬೀನಾ ಅಣಬೆಯನ್ನು ರೋಗಿಗಳಿಗಾಗಿ ಬಳಸುತ್ತಿದ್ದರು. ನ್ಯೂಯಾರ್ಕಿನ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್ 1955ರಲ್ಲಿ ಅವರ ಬಳಿ ಹೋಗಿ, 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದರು. ಅಣಬೆ ಹಾಫ್‌ಮನ್‌ಗೆ ತಲುಪಿತು. 1958ರಲ್ಲಿ ಅವರು ಸಿಲೋಸೈಬಿನ್ನನ್ನು ಬೇರ್ಪಡಿಸಿದರು, ಸ್ಯಾಂಡೋಜ್ ಅದನ್ನು ಮಾತ್ರೆ ಮಾಡಿತು. ಮರಿಯಾ ಸಬೀನಾರ ಹಳ್ಳಿಗೆ ವಿದೇಶಿ ಯುವಕರ ದಂಡು ಬಂತು, ಪೊಲೀಸರು ಬಂದರು, ಊರವರ ಸಿಟ್ಟಿಗೆ ಅವರು ಗುರಿಯಾದರು, ಅವರ ಮನೆಗೆ ಬೆಂಕಿ ಬಿತ್ತು. 1985ರಲ್ಲಿ ಬಡತನದಲ್ಲೇ ತೀರಿಕೊಂಡರು.

ಅಷ್ಟು ಹಳೆಯ ಅಣುವಿನ ಮೇಲೆ ಇಂದು ಯಾರೂ ಒಡೆತನ ಸಾಧಿಸಲಾರರು. ಹಾಗಾಗಿ ಕಂಪನಿಗಳು ಅದರ ಸುತ್ತ ಬೇಲಿ ಹಾಕುತ್ತಿವೆ. ಲಂಡನ್ನಿನ ಕಂಪಾಸ್ ಪಾಥ್‌ವೇಸ್ ಸಿಲೋಸೈಬಿನ್‌ನ ಒಂದು ನಿರ್ದಿಷ್ಟ ಸ್ಫಟಿಕ ರೂಪಕ್ಕೆ ಪೇಟೆಂಟ್ ಪಡೆಯಿತು. ಕೆನಡಾದ ಸೈಬಿನ್ ಅಣಬೆಯ ಸಿಲೋಸಿನ್‌ನಲ್ಲಿ ಕೆಲವು ಜಲಜನಕಗಳ ಬದಲು ಡ್ಯೂಟೀರಿಯಂ ಇಟ್ಟಿತು. ಡ್ಯೂಟೀರಿಯಂ ಬಂಧವನ್ನು ದೇಹ ನಿಧಾನವಾಗಿ ಒಡೆಯುತ್ತದೆ ಎಂಬುದು ನಿಜ, ಅದರಿಂದ ರೋಗಿಗೆ ಪ್ರಯೋಜನ ಸಿಗಬಹುದು ಎಂಬುದೂ ನಿಜ. ಅದು ಹೊಸ ಅಣು, ಆದ್ದರಿಂದ ಹೊಸ ಪೇಟೆಂಟ್ ಎಂಬುದು ಅಷ್ಟೇ ನಿಜ. ಎರಡರಲ್ಲಿ ಯಾವುದು ಮೊದಲು ಬಂತು ಎಂದು ಕೇಳುವುದು ತಪ್ಪಲ್ಲ.

ಸಮಯವೂ ಹಣವೇ. ಸಿಲೋಸೈಬಿನ್ ಕೊಟ್ಟರೆ ರೋಗಿಯ ಪಕ್ಕದಲ್ಲಿ ತರಬೇತಿ ಪಡೆದವರು ಆರೆಂಟು ಗಂಟೆ ಕೂರಬೇಕು. ಮೂಗಿಗೆ ಸಿಂಪಡಿಸುವ ಎಸ್‌ಕೆಟಮಿನ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಾಗಿನಿಂದ ಅಲ್ಲಿನ ಕ್ಲಿನಿಕ್‌ಗಳು ಎರಡು ಗಂಟೆಯ ನಿಗಾಕ್ಕೆ ಒಗ್ಗಿಕೊಂಡಿವೆ. ಹಾಗಾಗಿ ಬೇಗ ಏರಿ ಬೇಗ ಇಳಿಯುವ ಹೊಸ ಅಣುಗಳಿಗೆ ಬೇಡಿಕೆ ಬಂದಿದೆ. 2025ರ ಆಗಸ್ಟ್‌ನಲ್ಲಿ ಆ್ಯಬ್‌ವಿ ಎಂಬ ದೈತ್ಯ ಕಂಪನಿ ಅಂಥ ಒಂದು ಅಣುವನ್ನು, ಬ್ರೆಟಿಸಿಲೋಸಿನ್ ಎಂಬುದನ್ನು, 120 ಕೋಟಿ ಡಾಲರ್‌ವರೆಗಿನ ಬೆಲೆಗೆ ಗಿಲ್ಗಮೆಶ್ ಕಂಪನಿಯಿಂದ ಕೊಳ್ಳುವುದಾಗಿ ಹೇಳಿತು. ಅನುಭವ ಎಷ್ಟು ಹೊತ್ತು ಇರಬೇಕು ಎಂಬುದನ್ನು ರೋಗಿಯ ಅಗತ್ಯದ ಜೊತೆಗೆ ಕ್ಲಿನಿಕ್ಕಿನ ವೇಳಾಪಟ್ಟಿಯೂ ತೀರ್ಮಾನಿಸುತ್ತಿದೆ.

ಇಲ್ಲಿ ನಮ್ಮ ದೇಶದ ಒಂದು ಹೆಮ್ಮೆಯ ಸಂಗತಿ ಹೇಳಬೇಕು. ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮು, ಗೊತ್ತಿರುವ ಪದಾರ್ಥದ ಹೊಸ ರೂಪಕ್ಕೆ, ಅದರಿಂದ ಗುಣ ಹೆಚ್ಚಾಗುತ್ತದೆಂದು ತೋರಿಸದ ಹೊರತು, ಪೇಟೆಂಟ್ ಇಲ್ಲ ಎನ್ನುತ್ತದೆ. ಗ್ಲಿವೆಕ್ ಎಂಬ ರಕ್ತ ಕ್ಯಾನ್ಸರ್ ಮದ್ದಿನ ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಇದೇ ಆಧಾರದ ಮೇಲೆ ನಿರಾಕರಿಸಿತು. ಹಾಫ್‌ಮನ್ ದುಡಿದ ಸ್ಯಾಂಡೋಜ್ 1996ರಲ್ಲಿ ಸೀಬಾ-ಗೈಗಿಯೊಂದಿಗೆ ವಿಲೀನವಾಗಿ ಹುಟ್ಟಿದ್ದೇ ಈ ನೊವಾರ್ಟಿಸ್. ಪೇಟೆಂಟಿಗಾಗಿ ಮಾಡಿದ ಬದಲಾವಣೆ ಯಾವುದು, ರೋಗಿಗಾಗಿ ಮಾಡಿದ ಬದಲಾವಣೆ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಕಾನೂನೇ ಕೇಳುತ್ತದೆ. ನೀವೂ ಕೇಳಿ.

ಆರನೆಯ ಉದ್ದೇಶ ಇತ್ತೀಚಿನದು. ಅಮಲು ಬೇಡ, ಗುಣ ಮಾತ್ರ ಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಡೇವಿಡ್ ಓಲ್ಸನ್ ತಂಡ 2020ರಲ್ಲಿ ಟಾಬರ್ನಾಂಥಲಾಗ್ ಎಂಬ ಅಣುವನ್ನು ಪ್ರಕಟಿಸಿತು. ಹೃದಯಕ್ಕೆ ಅಪಾಯ ತರುವ ಐಬೊಗೇನ್ ಎಂಬ ಇನ್ನೊಂದು ಸೈಕೆಡೆಲಿಕ್‌ನಿಂದ ಹಾನಿಯ ಭಾಗವನ್ನು ಕಳೆದು ನರಕೋಶಗಳ ಕವಲು ಬೆಳೆಸುವ ಗುಣವನ್ನು ಉಳಿಸುವ ಪ್ರಯತ್ನ ಅದು. 2025ರಲ್ಲಿ ಅದೇ ತಂಡ ಎಲ್‌ಎಸ್‌ಡಿಯ ಎರಡೇ ಪರಮಾಣುಗಳ ಜಾಗ ಅದಲು ಬದಲು ಮಾಡಿ, ಭ್ರಮೆ ಹುಟ್ಟಿಸುವ ಸಾಧ್ಯತೆಯನ್ನು ತಗ್ಗಿಸಿದ ಜೆಆರ್‌ಟಿ ಎಂಬ ಅಣುವನ್ನು ತೋರಿಸಿತು. ಎಲ್‌ಎಸ್‌ಡಿಯನ್ನು ಹತ್ತಿರಕ್ಕೂ ಬಿಡಬಾರದ ಸ್ಕಿಜೋಫ್ರೇನಿಯಾ ರೋಗಿಗಳಿಗೂ ಇಂಥದ್ದು ಉಪಯೋಗಕ್ಕೆ ಬರಬಹುದೆಂಬ ಆಸೆ ಅದರ ಹಿಂದಿದೆ. ನನ್ನ ಕಣ್ಣಿಗೆ ಇದು ಔಷಧ ರಸಾಯನಶಾಸ್ತ್ರದ ಸೊಗಸಾದ ಕೆಲಸ.

ಆದರೆ ಇದೇ ದಾರಿಗೆ ಹಣ ಕೊಟ್ಟವರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಕೂಡ ಇದೆ. 2020ರಲ್ಲಿ ಅದು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಬ್ರಯನ್ ರಾತ್ ನೇತೃತ್ವದ ತಂಡಕ್ಕೆ 2.69 ಕೋಟಿ ಡಾಲರ್ ಕೊಟ್ಟಿತು. ಖಿನ್ನತೆ, ಆತಂಕ, ವ್ಯಸನಗಳನ್ನು ಬೇಗ ವಾಸಿಮಾಡುವ, ಆದರೆ ಅಮಲೇರಿಸದ ಮದ್ದು ಅದಕ್ಕೆ ಬೇಕು. ಯುದ್ಧದಿಂದ ನೊಂದು ಬಂದ ಸೈನಿಕನಿಗೆ ಮದ್ದು ಸಿಗಲಿ, ಖಂಡಿತ ಸಿಗಲಿ. ಆದರೆ ಆತನನ್ನು ಮನೆಗೆ ಕಳಿಸಲು ಗುಣಪಡಿಸುತ್ತೇವೋ, ಮರಳಿ ಯುದ್ಧಕ್ಕೆ ಕಳಿಸಲೋ ಎಂಬ ಪ್ರಶ್ನೆಯನ್ನು ರಿಸೆಪ್ಟರ್ ಉತ್ತರಿಸಲಾರದು. ಎಂಕೆ ಅಲ್ಟ್ರಾದ ಚರಿತ್ರೆ ಓದಿದವರು ಅದನ್ನು ಕೇಳಲೇಬೇಕು.

ಇಷ್ಟೆಲ್ಲ ಉದ್ದೇಶಗಳ ನಡುವೆ ರೋಗಿ ಎಲ್ಲಿದ್ದಾನೆ? ಬೇರೆ ಮದ್ದುಗಳಿಗೆ ಬಗ್ಗದ ಖಿನ್ನತೆಯಲ್ಲಿ ವರ್ಷಗಟ್ಟಲೆ ನರಳುವವರಿಗೆ ಈ ಅಣುಗಳಿಂದ ಏನು ಸಿಕ್ಕಿದೆ ಎಂದು ಲೆಕ್ಕ ಹಾಕೋಣ. ಕಂಪಾಸ್ ನಡೆಸಿದ ಸಿಲೋಸೈಬಿನ್‌ನ ಎರಡನೆಯ ಹಂತದ ಪ್ರಯೋಗದಲ್ಲಿ 233 ಜನರಿದ್ದರು. ಮೂರು ವಾರದ ಬಳಿಕ 25 ಮಿಲಿಗ್ರಾಂ ಪಡೆದವರಲ್ಲಿ ಖಿನ್ನತೆಯ ಅಂಕ, 1 ಮಿಲಿಗ್ರಾಂ ಪಡೆದವರಿಗಿಂತ 6.6ರಷ್ಟು ಹೆಚ್ಚು ಇಳಿಯಿತು. 2025ರ ಜೂನ್‌ನಲ್ಲಿ ಬಂದ ಮೂರನೆಯ ಹಂತದ ಮೊದಲ ಫಲಿತಾಂಶದಲ್ಲಿ, ಆರು ವಾರದ ಬಳಿಕ ಖಾಲಿ ಮಾತ್ರೆಗಿಂತ 3.6 ಅಂಕದ ಅಂತರ ಕಂಡಿತು. ಪವಾಡವಲ್ಲ, ಆದರೆ ಎಲ್ಲ ದಾರಿ ಮುಚ್ಚಿದವರಿಗೆ ಕಡೆಗಣಿಸುವ ಸಂಗತಿಯೂ ಅಲ್ಲ. ಆಘಾತೋತ್ತರ ಒತ್ತಡಕ್ಕೆಂದು (ಪಿಟಿಎಸ್‌ಡಿ) ಪರೀಕ್ಷಿಸಿದ ಎಂಡಿಎಂಎ ಚಿಕಿತ್ಸೆಯ ಕಥೆ ಬೇರೆ. 2024ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಸಲಹಾ ಸಮಿತಿ, ಪರಿಣಾಮ ಸಾಬೀತಾಗಿಲ್ಲ ಎಂದು 9-2ರಿಂದಲೂ, ಲಾಭ ಅಪಾಯವನ್ನು ಮೀರಿಲ್ಲ ಎಂದು 10-1ರಿಂದಲೂ ಮತ ಹಾಕಿತು. ಆಗಸ್ಟ್‌ನಲ್ಲಿ ಅರ್ಜಿ ತಿರಸ್ಕೃತವಾಯಿತು. ಅದೇ ತಿಂಗಳು ಸೈಕೋಫಾರ್ಮಕಾಲಜಿ ಪತ್ರಿಕೆ ಎಂಡಿಎಂಎ ಪ್ರಯೋಗಗಳಿಗೆ ಸಂಬಂಧಿಸಿದ ಮೂರು ಲೇಖನಗಳನ್ನು ಹಿಂಪಡೆಯಿತು. ಚಿಕಿತ್ಸಕರ ಅನೈತಿಕ ವರ್ತನೆಯೂ ಕಾರಣಗಳಲ್ಲೊಂದು. ಮನಸ್ಸಿನ ಬಾಗಿಲು ಪೂರ್ತಿ ತೆರೆದು ಮಲಗಿರುವ ರೋಗಿಯ ಮುಂದೆ ಕೂರುವವರ ನಡತೆ ಮದ್ದಿನಷ್ಟೇ ಮುಖ್ಯ ಎಂಬುದನ್ನು ಅದು ತೋರಿಸಿಕೊಟ್ಟಿತು.

ನಮ್ಮ ನೆಲದ ಲೆಕ್ಕ ಇನ್ನೂ ಕಠಿಣ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಖಿನ್ನತೆ ಇರುವ ನೂರು ಮಂದಿಯಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಕೆಲವೇ ರೂಪಾಯಿಯ ಹಳೆಯ ಮಾತ್ರೆ ತಲುಪದ ಊರಿಗೆ, ದಿನವಿಡೀ ಜೊತೆಗೆ ಕೂರುವವರನ್ನು ಬೇಡುವ ಹೊಸ ಅಣು ಹೇಗೆ ತಲುಪೀತು? ಹೊಸದನ್ನು ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಮಾಡುವಾಗ ರಾಯಚೂರಿನ, ಚಾಮರಾಜನಗರದ ರೋಗಿಯೂ ನಿಮ್ಮ ಲೆಕ್ಕದಲ್ಲಿರಲಿ.

ಈಗ ನೇರವಾಗಿ ನಿಮ್ಮ ಕೆಲಸದ ಮಾತಿಗೆ ಬರುತ್ತೇನೆ. ಗುತ್ತಿಗೆ ಸಂಶೋಧನಾ ಕಂಪನಿಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ಹೇಳುವುದನ್ನು ಕೇಳಿದ್ದೇನೆ. ಟೇಬಲ್ಲಿಗೆ ಒಂದು ಹಾಳೆ ಬರುತ್ತದೆ. ಅದರಲ್ಲಿ ಅಣುವಿನ ರಚನೆ, ಒಂದು ಕೋಡ್ ಸಂಖ್ಯೆ, ಎಷ್ಟು ಗ್ರಾಂ ಬೇಕು, ಎಷ್ಟು ಶುದ್ಧತೆ, ಯಾವ ತಾರೀಖಿಗೆ. ಗ್ರಾಹಕ ಯಾರು, ಯಾತಕ್ಕೆ ಎಂಬ ಸಾಲು ಅದರಲ್ಲಿ ಇರುವುದಿಲ್ಲ. ವ್ಯಾಪಾರದ ಗುಟ್ಟು ಎಂಬ ಕಾರಣ ನ್ಯಾಯವೇ. ಆದರೆ ರಚನೆ ನಿಮ್ಮ ಕಣ್ಣೆದುರಿಗಿದೆ, ಅದನ್ನು ಓದುವುದನ್ನು ಯಾರೂ ತಡೆಯಲಾರರು. ಇಂಡೋಲ್ ಉಂಗುರ, ಎರಡು ಕಾರ್ಬನ್ನಿನ ಸರಪಳಿ, ತುದಿಯಲ್ಲಿ ನೈಟ್ರೋಜನ್ ಕಂಡರೆ ಅದು ಎಲ್ಲಿಗೆ ಸೇರಿದ್ದೆಂದು ಊಹಿಸುವಷ್ಟು ನೀವು ಕಲಿತಿದ್ದೀರಿ. ಹಾಗೆ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಈ ಬದಲಾವಣೆಯಿಂದ ಯಾರಿಗೆ ಪ್ರಯೋಜನ: ರೋಗಿಗೋ, ಪೇಟೆಂಟಿಗೋ, ಕಾನೂನು ತಪ್ಪಿಸುವವನಿಗೋ? ಇದನ್ನು ಮೊದಲು ಯಾರ ದೇಹಕ್ಕೆ ಕೊಡುತ್ತಾರೆ, ಅವರಿಗೆ ಗೊತ್ತಿದ್ದು, ಒಪ್ಪಿದ್ದು ಕೊಡುತ್ತಾರೆಯೇ? ಇದು ಹಾದಿ ತಪ್ಪಿದರೆ ನಷ್ಟ ಯಾರಿಗೆ? ಲಾಭವಾದರೆ ಅದರಲ್ಲಿ ಯಾರಿಗೆ ಪಾಲಿಲ್ಲ?

ನಿಮ್ಮ ಮೇಲಧಿಕಾರಿಗೆ ಇದನ್ನು ಬರವಣಿಗೆಯಲ್ಲಿ ಕೇಳಲು ಹೆದರಬೇಡಿ. ನಮ್ಮ ಮಾದಕ ವಸ್ತು ಕಾನೂನಾದ ಎನ್‌ಡಿಪಿಎಸ್ ಕಾಯ್ದೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ, ನಿಯಮಪ್ರಕಾರ ಅನುಮತಿ ಪಡೆದು ಕೆಲಸ ಮಾಡಲು ಅವಕಾಶ ಇಟ್ಟಿದೆ. ಅನುಮತಿ ಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಪತ್ರವಿಲ್ಲದೆ ಮಾಡಿದ ಗ್ರಾಂಗೆ ಸಹಿ ಹಾಕಿದವರು ನೀವಾದರೆ ಉತ್ತರ ಕೊಡಬೇಕಾದವರೂ ನೀವೇ. ಆ ಕಾಯ್ದೆಯಲ್ಲಿ ಎಲ್‌ಎಸ್‌ಡಿಯ ವಾಣಿಜ್ಯ ಪ್ರಮಾಣ 0.1 ಗ್ರಾಂ ಮಾತ್ರ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸೆರೆವಾಸ.

ಪ್ರಬಂಧ ಪ್ರಕಟಿಸುವಾಗಲೂ ಯೋಚಿಸಿ. ಜ್ಞಾನವನ್ನು ಬಚ್ಚಿಡಿ ಎನ್ನುತ್ತಿಲ್ಲ. ಹೊಸ ಅಣು ಎಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತದೆಂದು ಬರೆಯುವ ಜಾಗದಲ್ಲೇ, ಮನುಷ್ಯರಲ್ಲಿ ಅದರ ಸುರಕ್ಷತೆಯನ್ನು ಯಾರೂ ನೋಡಿಲ್ಲ ಎಂಬ ಸಾಲೂ ಇರಲಿ. ವಿಷಚಿಕಿತ್ಸೆಯ ವೈದ್ಯರಿಗೂ ವಿಧಿವಿಜ್ಞಾನ ಪ್ರಯೋಗಾಲಯಗಳಿಗೂ ಗುರುತು ಹಚ್ಚಲು ಬೇಕಾದ ಸ್ಪೆಕ್ಟ್ರಮ್ ಮಾಹಿತಿಯನ್ನು ಕೊಡಿ. ನಾಳೆ ಯಾವುದೋ ತುರ್ತು ಘಟಕದಲ್ಲಿ ಒಂದು ಜೀವ ಉಳಿದರೆ ಅದರಿಂದಲೇ ಉಳಿದೀತು.

ಕೊನೆಯದಾಗಿ ನಿಮ್ಮ ಹಾಸ್ಟೆಲಿನ ಮಾತು. ಅಣುವಿನ ರಚನೆಯನ್ನು ಬಿಡಿಸಿ ಬರೆಯಬಲ್ಲೆ, ಆದ್ದರಿಂದ ನನಗೆ ಏನೂ ಆಗದು ಎಂಬ ಧೈರ್ಯ ರಸಾಯನಶಾಸ್ತ್ರ ಓದಿದವರಿಗೆ ಬೇಗ ಬರುತ್ತದೆ. ಕೈಗೆ ಸಿಕ್ಕ ಕಾಗದದ ಚೂರಿನಲ್ಲಿ ಏನಿದೆ ಎಂಬುದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಹೇಳಬಲ್ಲದು, ನಿಮ್ಮ ನಾಲಿಗೆ ಹೇಳಲಾರದು. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇರುವವರನ್ನು ಆಸ್ಪತ್ರೆಯ ಪ್ರಯೋಗಗಳೇ ಹೊರಗಿಡುತ್ತವೆ; ಬೀದಿಯಲ್ಲಿ ಹಾಗೆ ಕೇಳಿ ತಡೆಯುವವರು ಯಾರೂ ಇರುವುದಿಲ್ಲ. ಗೆಳೆಯರು ಇಂಥದ್ದನ್ನು ತಿಂದು ಒದ್ದಾಡುತ್ತಿದ್ದರೆ ಪೊಲೀಸರ ಭಯಕ್ಕೆ ರೂಮಿನಲ್ಲಿ ಬಚ್ಚಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತಿಂದರೆಂದು ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿ. ಮನಸ್ಸು ಕುಸಿದಾಗ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹೊಸ ಅಣುಗಳನ್ನು ಮಾಡಿ. ಖಿನ್ನತೆಯಲ್ಲಿ ಮುಳುಗಿದವರಿಗೆ ಅವು ಬೇಕು, ನಿಮ್ಮಂಥ ನುರಿತ ಕೈಗಳೂ ಬೇಕು. ಆದರೆ ಯಾತಕ್ಕಾಗಿ ಎಂಬ ಪ್ರಶ್ನೆಗೆ ಒಪ್ಪುವ ಉತ್ತರ ಸಿಗುವ ತನಕ ಯಾವ ಫ್ಲಾಸ್ಕನ್ನೂ ಬಿಸಿಗಿಡಬೇಡಿ. ಉತ್ತರ ಕೊಡದವರಿಗೆ ಇಲ್ಲ ಎನ್ನಿ. ಹಾಗೆ ಇಲ್ಲ ಎನ್ನುವುದೂ ನೀವು ಕಲಿತ ವಿದ್ಯೆಯ ಒಂದು ಭಾಗ.

ನಿಮ್ಮ ಹಿತೈಷಿ,
ಒಬ್ಬ ರಸಾಯನಶಾಸ್ತ್ರ ಅಧ್ಯಾಪಕ